ಲೀನಾಳ ವರ್ಷದೂಟಕ್ಕೆ ಒಂದು ಬೇಟೆ

ಬರ್ಚ್ ಪಾಯಿಂಟ್ ಊರಿನ ಶಾಲೆಯಲ್ಲಿ ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಏಮಸ್. ಯೂಕಾನ್ ನದಿ ಈ ದಡದಿಂದ ಆ ದಡದವರೆಗೆ ಬಂಡೆಯಂತೆ ಗಟ್ಟಿಯಾಗುವ ಜನವರಿಯಲ್ಲೂ ಆ ಶಾಲೆಯ ಮಕ್ಕಳು ಅಂಗಿಯ ತೋಳು ಮಡಚಿಕೊಂಡು ಲೆಕ್ಕ ಮಾಡುತ್ತಿದ್ದರು ಎಂದರೆ ಅದು ಅವನ ಕೆಲಸ. ಬಾಯ್ಲರ್ ಮುನಿಸಿಕೊಂಡಾಗ ಅವನು ತಕ್ಷಣ ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಡಬ್ಬ ಬೋರಲು ಹಾಕಿ ಕೂತು, ಅದು ಏನು ಹೇಳುತ್ತದೋ ಕೇಳಿಸಿಕೊಂಡು, ಆಮೇಲೆ ಕೈ ಹಾಕುತ್ತಿದ್ದ.

ಬೇಟೆಯಲ್ಲೂ ಅವನದು ಅದೇ ಕ್ರಮ. ಮೂಸ್ ಎಂದರೆ ಕುದುರೆಗಿಂತ ಎತ್ತರದ, ಜೋಲು ಮೂತಿಯ, ಬಿಚ್ಚಿದ ಅಂಗೈಯಂತೆ ಹರಡಿದ ಕೋಡಿನ ಮಿಗ. ಒಂದು ಬಿದ್ದರೆ ಒಂದು ಮನೆಯ ಚಳಿಗಾಲ ದಾಟುತ್ತದೆ. ಅದನ್ನು ಕರೆಯಲು ಏಮಸ್ ಬರ್ಚ್ ಮರದ ತೊಗಟೆಯನ್ನು ಸುತ್ತಿ ಕಹಳೆ ಮಾಡಿಕೊಂಡಿದ್ದ. ಹೆಣ್ಣು ಮೂಸ್ ನರಳಿದಂತೆ ಒಮ್ಮೆ ಉದ್ದಕ್ಕೆ ಕೂಗು ಹಾಕಿ, ಒಣಗಿದ ಭುಜದ ಮೂಳೆಯಿಂದ ಪೊದೆಯನ್ನು ಎರಡು ಸಲ ಕೆರೆದು, ಆಮೇಲೆ ಸುಮ್ಮನಾಗುತ್ತಿದ್ದ. ಜೊತೆಗೆ ಹೋದವರಿಗೆ ಆ ಸುಮ್ಮನಿರುವಿಕೆಯೇ ಶಿಕ್ಷೆ. ‘ಏಮಸ್ ಜೊತೆ ಹೋದರೆ ಮೂಸ್ ಬರೋದರೊಳಗೆ ಹಿಮ ಬರುತ್ತೆ’ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು.

ಅವನನ್ನು ಸಾಕಿದವಳು ಅಕ್ಕ ಲೀನಾ. ತಾಯಿ ಕೆಮ್ಮಿನ ಕಾಯಿಲೆಯಲ್ಲಿ ಹೋದಾಗ ಏಮಸ್‌ಗೆ ಇನ್ನೂ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಅಪ್ಪ ಚಳಿಗಾಲವಿಡೀ ಬೋನು ಹಾಕಲು ಕಾಡಿನಲ್ಲೇ ಇರುತ್ತಿದ್ದ. ಲೀನಾ ತಾನೇ ಇನ್ನೂ ಲಂಗದ ಹುಡುಗಿ. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಸೌದೆ ಒಡೆದಳು, ಒಣಮೀನನ್ನು ತನ್ನ ಹಲ್ಲಿನಲ್ಲಿ ಮೆತ್ತಗೆ ಮಾಡಿ ಅವನ ಬಾಯಿಗಿಟ್ಟಳು. ಅವನು ಮೊದಲ ಮೂಸ್ ಹೊಡೆದ ದಿನ, ಪದ್ಧತಿಯಂತೆ ಮಾಂಸವನ್ನೆಲ್ಲ ಊರಿಗೆ ಹಂಚಿಯಾಯಿತು. ಮೊದಲ ಬೇಟೆಯನ್ನು ಹೊಡೆದವನು ತಿನ್ನುವಂತಿಲ್ಲ. ಊರೆಲ್ಲ ಹುರಿದ ವಾಸನೆ. ಹುಡುಗ ಮೂಲೆಯಲ್ಲಿ ಅಕ್ಕಿ ಗಂಜಿ ಇಟ್ಟುಕೊಂಡು ಮುಖ ಊದಿಸಿ ಕೂತಿದ್ದ. ಲೀನಾ ತನ್ನ ಪಾಲನ್ನು ಪಕ್ಕದ ಮನೆಗೆ ಕೊಟ್ಟು ಬಂದು ಅವನ ಎದುರು ಕೂತಳು.

“ನೀನ್ಯಾಕೆ ತಿನ್ನಲ್ಲ? ನಿಂಗೇನೂ ತಡೆ ಇಲ್ವಲ್ಲ,” ಎಂದ ಹುಡುಗ.

“ನಂಗೆ ಗಂಜಿ ಇಷ್ಟ ಕಣೋ. ಸರಿ, ಆ ಕಡೆ ಜರುಗು.”

ಅವಳಿಗೆ ಗಂಜಿ ಇಷ್ಟವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೋದ ವರ್ಷದ ಶರತ್ಕಾಲದಲ್ಲಿ ಲೀನಾ ಮೀನನ್ನು ಹೊಗೆಯಲ್ಲಿ ಒಣಗಿಸುವ ಹೊಗೆಮನೆಯ ಬಾಗಿಲಲ್ಲಿ ಕೂತವಳು ಮತ್ತೆ ಏಳಲಿಲ್ಲ. ಅಲ್ಲಿ ಕುಲ ತಾಯಿಯಿಂದ ಬರುತ್ತದೆ. ಲೀನಾ, ಏಮಸ್, ಲೀನಾಳ ಮಗಳು ಆಡ್ರಿ ಒಂದು ಕುಲ. ಲೀನಾಳ ಗಂಡ ವಿಲ್ಬರ್ ಎದುರು ಕುಲದವನು. ಸತ್ತವರಿಗೆ ಪೆಟ್ಟಿಗೆ ಮಾಡುವುದು, ಗುಂಡಿ ತೋಡುವುದು ಎದುರು ಕುಲದವರ ಹೊಣೆ. ವಿಲ್ಬರ್‌ನ ಮಂದಿ ಅದನ್ನು ಅಚ್ಚುಕಟ್ಟಾಗಿ ಮಾಡಿದ್ದರು. ವರ್ಷ ತುಂಬಿದಾಗ ಅವರನ್ನೂ, ನದಿಯ ಮೇಲಿನ ಕೆಳಗಿನ ಊರುಗಳವರನ್ನೂ ಕರೆದು ಉಣಿಸಿ, ಹಾಡಿ, ಉಡುಗೊರೆ ಕೊಟ್ಟು ಋಣ ತೀರಿಸುವುದು ಲೀನಾಳ ಕುಲದವರ ಹೊಣೆ. ಆ ಊಟದಲ್ಲಿ ಮೂಸ್ ತಲೆಯ ಸಾರು ಇರಲೇಬೇಕು. ಇಲ್ಲದಿದ್ದರೆ ಬಂದವರು ಏನೂ ಅನ್ನುವುದಿಲ್ಲ. ಅನ್ನದೇ ಹೋಗುತ್ತಾರಲ್ಲ, ಅದೇ ಕಷ್ಟ.

ಸೆಪ್ಟೆಂಬರ್ ನಡುವಿನಲ್ಲಿ ಊರಿನ ಹಾಲ್‌ನಲ್ಲಿ ಊಟದ ಮಾತುಕತೆ ನಡೆಯಿತು. ದೊಡ್ಡ ಅಡುಗೆಗಳ ಯಜಮಾನಿಕೆ ಯೂನಿಸ್ ಅಜ್ಜಿಯದು. ತಿಂಗಳ ಕೊನೆಯ ಶನಿವಾರ ಎಂದು ನಿಂತಿತು. ಕಂಬಳಿ ಯಾರು, ಈರುಳ್ಳಿ ಯಾರು ಎಂಬುದೆಲ್ಲ ಮುಗಿದ ಮೇಲೆ ಯಾರೋ, “ಎಲ್ಲದಕ್ಕೂ ಇರಲಿ, ಫೇರ್‌ಬ್ಯಾಂಕ್ಸ್ ಪೇಟೆಯಿಂದ ವಿಮಾನದಲ್ಲಿ ಒಂದಷ್ಟು ಪೆಟ್ಟಿಗೆ ಕೋಳಿ ತರಿಸಿಬಿಡೋಣ,” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಏಮಸ್‌ಗೆ ಅದು ಎದೆಗೆ ತಾಗಿತು. ಅಕ್ಕನ ಊಟಕ್ಕೆ ಪೆಟ್ಟಿಗೆ ಕೋಳಿ! ಅವನು ಎದ್ದು ನಿಂತ. ಸಭೆಯಲ್ಲಿ ಎದ್ದು ನಿಲ್ಲುವವನೇ ಅಲ್ಲ.

“ಕೋಳಿ ಬೇಡ. ಅಕ್ಕನ ಊಟಕ್ಕೆ ಮೂಸ್ ನಾನೇ ಹೊಡ್ಕೊಂಡ್ ಬರ್ತೀನಿ. ದೊಡ್ಡದು. ಖಂಡಿತ ತರ್ತೀನಿ.”

ಹಾಲ್ ತಣ್ಣಗಾಯಿತು. ಆ ಸೀಮೆಯಲ್ಲಿ ಬೇಟೆಯ ಕಾಲದಲ್ಲಿ ಮೂಸ್‌ನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ‘ದೊಡ್ಡೋನು’ ಎನ್ನುತ್ತಾರೆ. ಬೇಟೆಗೆ ಹೋಗುತ್ತೇನೆ ಎನ್ನುವುದಿಲ್ಲ, ‘ಹೊಳೆ ಕಡೆ ಒಂದು ಸುತ್ತು ಹಾಕಿ ಬರ್ತೀನಿ’ ಎನ್ನುತ್ತಾರೆ. ಪ್ರಾಣಿ ಮನಸ್ಸು ಮಾಡಿ ತನ್ನನ್ನು ಕೊಟ್ಟುಕೊಳ್ಳುತ್ತದೆ. ಕೊಡುವವನಿಗೆ ಮೊದಲೇ ‘ನಿನ್ನಿಂದ ಕಿತ್ತುಕೊಳ್ಳುತ್ತೇನೆ’ ಎಂದು ಸಾರಿದರೆ ಅವನು ಯಾಕೆ ಬಂದಾನು? ಇದನ್ನು ಏಮಸ್‌ಗೆ ಯಾರೂ ಕಲಿಸಬೇಕಾಗಿರಲಿಲ್ಲ. ಐವತ್ತೆಂಟು ವರ್ಷ ಅವನು ಹಾಗೇ ಮಾತಾಡಿದ್ದ.

ಯೂನಿಸ್ ಅಜ್ಜಿ ಲೋಟದೊಳಗೆ ನೋಡಿ, “ಟೀ ಆರಿಹೋಯ್ತು. ಯಾರಾದ್ರೂ ಬಿಸಿ ಮಾಡ್ರಮ್ಮ,” ಎಂದಳು.

ಹೊರಗೆ ಬಂದಾಗ ವಿಲ್ಬರ್ ಪಕ್ಕಕ್ಕೆ ಸೇರಿಕೊಂಡ. ಅವರಿಬ್ಬರದು ಭಾವ ಭಾವಮೈದುನರ ಸಲಿಗೆ. ಒಬ್ಬರನ್ನೊಬ್ಬರು ಹೀಯಾಳಿಸದೆ ಇದ್ದರೆ ಜಗಳವಾಗಿದೆ ಎಂದು ಜನ ತಿಳಿಯುವಷ್ಟು.

“ಏನಯ್ಯಾ ಏಮಸ್, ಟೈಮನ್ನೂ ಹೇಳಿಬಿಡಬೇಕಿತ್ತು. ಗುರುವಾರ ಊಟ ಆದ್ಮೇಲೆ ಬಾ, ರೆಡಿಯಾಗಿರು ಅಂತ. ದೊಡ್ಡೋನಿಗೂ ಅನುಕೂಲ ಆಗ್ತಿತ್ತು.”

“ಬಾಯಿ ಜಾರ್ತು ಭಾವ.”

“ನಿನ್ನ ಬಾಯಿ ಜಾರೋದು ನೋಡಿದ್ದು ಇದೇ ಮೊದಲು. ಒಂದೇ ಸಲಕ್ಕೆ ಬೆಟ್ಟದ ತುದಿಯಿಂದ ಜಾರಿದೆಯಲ್ಲ ಮಾರಾಯ!”

ಮರುದಿನದಿಂದ ಏಮಸ್ ಬಾಯ್ಲರ್ ಕೆಲಸವನ್ನು ನಸುಕಿನಲ್ಲೇ ಮುಗಿಸಿ ತನ್ನ ಅಲ್ಯುಮಿನಿಯಂ ದೋಣಿ ಬಿಡತೊಡಗಿದ. ಮೇಲಿನ ಕವಲು, ಕೆಳಗಿನ ಕವಲು, ಬೀವರ್ ಹಳ್ಳ. ಎಲ್ಲೂ ಹೊಸ ಗೊರಸಿನ ಗುರುತಿಲ್ಲ. ಇದಕ್ಕೆ ಎರಡು ಕಾರಣ ಹೇಳಬಹುದಿತ್ತು. ಆ ವರ್ಷ ಶರತ್ಕಾಲ ಬೆಚ್ಚಗಿತ್ತು; ಬೆಟ್ಟದ ಮೇಲಿನ ಪೊದೆಗಳಲ್ಲಿ ಎಲೆ ಇನ್ನೂ ಹಸಿರಾಗಿತ್ತು. ಮೇಲೆ ತಂಪೂ ಮೇವೂ ಇರುವಾಗ ಮೂಸ್‌ಗಳು ನದಿಗೆ ಇಳಿಯುವುದಿಲ್ಲ. ಎರಡನೆಯ ಕಾರಣ ಹಾಲ್‌ನಲ್ಲಿ ಆಡಿದ ಮಾತು. ಯಾವುದು ನಿಜ ಎಂದು ತೂಗಿ ಹೇಳುವುದು ಕಷ್ಟ, ಎರಡಕ್ಕೂ ಸಾಕ್ಷಿ ಒಂದೇ: ಖಾಲಿ ದಡ.

ಆದರೆ ಆ ಮಾತಿನಿಂದ ಆದ ಇನ್ನೊಂದು ಪರಿಣಾಮ ಊಹೆಯದಲ್ಲ. ಅದು ಅವನ ಕಣ್ಣಿಗೆ ಬೀಳಲು ಒಂದು ವಾರ ಹಿಡಿಯಿತು.

ಸಾಮಾನ್ಯವಾಗಿ ಇಂಥ ಊಟದ ಮುಂಚೆ ಕುಲದವರೆಲ್ಲ ಹೊರಡುತ್ತಾರೆ. ಯಾರಿಗೆ ಸಿಕ್ಕರೂ ಊಟಕ್ಕೆ. ಈ ಸಲ ಯಾರೂ ಹೊರಡಲಿಲ್ಲ. ಏಮಸ್ ಸಂಜೆ ಬರಿಗೈಲಿ ಬಂದು ದೋಣಿ ಕಟ್ಟುವಾಗ ಪಕ್ಕದ ದೋಣಿಗಳೆಲ್ಲ ಅಲ್ಲೇ ಇರುತ್ತಿದ್ದವು. ಆಡ್ರಿ ಊರಿನ ಕೈ ನಡುಗದ ಗುರಿಗಾರ್ತಿ. ಅವಳ ದೋಣಿಯ ಪೆಟ್ರೋಲ್ ಡಬ್ಬ ತುಂಬಿತ್ತು, ಹಗ್ಗ ಸುತ್ತಿಟ್ಟಿತ್ತು, ಮಾಂಸ ಹಾಸಲು ಟಾರ್ಪಾಲು ಕೂಡ ಮಡಚಿಟ್ಟಿತ್ತು. ಮತ್ತೆ ಯಾಕೆ ಹೋಗುತ್ತಿಲ್ಲ? ಆ ಡಬ್ಬವನ್ನು ನೋಡುತ್ತ ನಿಂತಾಗ ಅವನಿಗೆ ಹೊಳೆಯಿತು. ‘ನಾನೇ’ ಎಂದಿದ್ದನಲ್ಲ. ಸೋದರಮಾವ ಎಲ್ಲರೆದುರು ‘ನಾನೇ ತರ್ತೀನಿ’ ಎಂದ ಮೇಲೆ ಸೊಸೆ ಹೋಗಿ ತಂದರೆ ಅವನ ಮುಖಕ್ಕೆ ಮಸಿ ಬಳಿದಂತೆ. ಅವನ ಮಾನ ಕಾಯಲು ಊರಿಗೆ ಊರೇ ಕೈಕಟ್ಟಿ ಕೂತಿತ್ತು.

ಅಷ್ಟು ತಿಳಿದೂ ಅವನು ಬಾಯಿ ಬಿಡಲಿಲ್ಲ. ಇನ್ನು ಕೆಲವೇ ದಿನ ಉಳಿದಿವೆ, ನಾಳೆ ಸಿಕ್ಕಿಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡ. ಮನುಷ್ಯ ಎಂದಮೇಲೆ ಹಾಗೆ ಅಂದುಕೊಳ್ಳುತ್ತಾನೆ.

ಊಟಕ್ಕೆ ಮೂರು ದಿನ ಇದೆ ಎನ್ನುವಾಗ, ರಾತ್ರಿ ಆ ವರ್ಷದಲ್ಲಿ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿತ್ತು. ಬೀವರ್ ಹಳ್ಳದ ತಿರುವಿನಲ್ಲಿ ಏಮಸ್ ದೋಣಿಯನ್ನು ಪೊದೆಗೆ ಕಟ್ಟಿ, ಗಾಳಿ ಎದುರಿಗಿರುವಂತೆ ಕೂತು ಕಹಳೆ ಊದಿದ. ಮೂಳೆಯಿಂದ ಪೊದೆ ಕೆರೆದ. ಸುಮ್ಮನಾದ. ಒಂದು ಅಳಿಲು ಬೈದು ಹೋಯಿತು. ಥರ್ಮಾಸಿನ ಟೀ ಅರ್ಧವಾಗಿರಬೇಕು, ಹಳ್ಳದ ಆಚೆಯ ದಟ್ಟ ಪೊದೆಗಳಲ್ಲಿ ಒಂದು ಗುಟುರು ಕೇಳಿತು. ಕೊಡಲಿಯಿಂದ ಟೊಳ್ಳು ಮರಕ್ಕೆ ಹೊಡೆದಂತೆ, ಬಿಟ್ಟು ಬಿಟ್ಟು. ಆಮೇಲೆ ಕೋಡು ರೆಂಬೆಗೆ ತಾಗಿದ ಸದ್ದು.

ಕಾಣುವ ಮೊದಲು ಅದರ ವಾಸನೆ ಬಂತು.

ಗಂಡು ಮೂಸ್ ಮದಕ್ಕೆ ಬಂದಾಗ ಮೇವು ಬಿಡುತ್ತದೆ; ನೆಲ ಕೆದಕಿ ಗುಂಡಿ ಮಾಡಿ, ಅದರಲ್ಲಿ ಉಚ್ಚೆ ಹೊಯ್ದು, ಆ ಕೆಸರಿನಲ್ಲಿ ಹೊರಳುತ್ತದೆ. ಕೊಬ್ಬು ಕರಗುತ್ತದೆ, ಮಾಂಸಕ್ಕೆ ಕಮಟು ಹತ್ತುತ್ತದೆ. ಬೇಯಿಸಿದರೆ ಮನೆಯೊಳಗೆ ಕೂರಲಾಗುವುದಿಲ್ಲ. ಈಗ ಹಳ್ಳದ ಆಚೆ ಬಂದು ನಿಂತದ್ದು ಅಂಥದ್ದು. ಕುತ್ತಿಗೆ ಪೀಪಾಯಿಯಂತೆ ಊದಿತ್ತು, ಎದೆಯ ಕೂದಲಿನಲ್ಲಿ ಕಪ್ಪು ಕೆಸರು ಜಡೆಗಟ್ಟಿತ್ತು. ಕೋಡು ಮಾತ್ರ, ಅಬ್ಬಾ, ತೊಟ್ಟಿಲಿನಷ್ಟು ಅಗಲ. ಅವನು ಕಂಡವುಗಳಲ್ಲೇ ದೊಡ್ಡದು. ಹಾಲ್‌ನಲ್ಲಿ ಹೇಳಿದಂತೆಯೇ ದೊಡ್ಡದು.

ಏಮಸ್ ಬಂದೂಕು ಎತ್ತಿದ. ಪ್ರಾಣಿ ಪಕ್ಕೆ ಕೊಟ್ಟು ನಿಂತಿತ್ತು. ಕಣ್ಣು ಮಂಜಾದವನೂ ತಪ್ಪುವಂತಿರಲಿಲ್ಲ. ತಲೆ ಓಡಿತು: ಈರುಳ್ಳಿ ಹೆಚ್ಚು ಹಾಕಿದರೆ? ಮೆಣಸು ಹಾಕಿದರೆ? ಒಂದು ನೀರು ಬಸಿದು ಚೆಲ್ಲಿದರೆ? ಬಂದವರು ದೊಡ್ಡವರು, ಮರ್ಯಾದಸ್ಥರು, ಮುಖ ಕಿವುಚದೆ ಉಂಡು ಹೋಗುತ್ತಾರೆ. ಏಮಸ್ ಹೇಳಿದ್ದನ್ನು ಮಾಡಿದ ಎಂದಂತೂ ಆಗುತ್ತದೆ.

‘ಏಮಸ್ ಹೇಳಿದ್ದನ್ನು ಮಾಡಿದ’ ಎಂಬಲ್ಲಿಗೆ ಬಂದಾಗ ಅವನ ತಲೆ ನಿಂತುಹೋಯಿತು. ಇದರಲ್ಲಿ ಲೀನಾ ಎಲ್ಲಿದ್ದಾಳೆ? ಅಕ್ಕನ ಊಟಕ್ಕೆಂದು ಹೊರಟವನು ಯಾವಾಗಲೋ ದಾರಿಯಲ್ಲಿ ತನ್ನ ಮಾತಿನ ಊಟಕ್ಕೆ ಬೇಟೆ ಹುಡುಕತೊಡಗಿದ್ದ. ಹೊಗೆಮನೆಯಲ್ಲಿ ಒಂದು ಮೀನು ಸ್ವಲ್ಪ ವಾಸನೆ ಬಂದರೂ ತೆಗೆದು ನಾಯಿಗೆ ಹಾಕುತ್ತಿದ್ದವಳ ಹೆಸರಿನಲ್ಲಿ ಇದನ್ನು ಬಡಿಸುವುದೇ?

ಅವನು ಬಂದೂಕು ಇಳಿಸಿ ಎದ್ದು ನಿಂತ. ಹೆಣ್ಣನ್ನು ಹುಡುಕಿ ಬಂದ ಪ್ರಾಣಿಗೆ ಕುಳ್ಳ ಮುದುಕನೊಬ್ಬ ಕಂಡ. ಅದು ಕಿವಿ ಮುಂದೆ ಮಾಡಿ ಅವನನ್ನು ದಿಟ್ಟಿಸಿತು.

“ಹೋಗಪ್ಪಾ,” ಎಂದ ಏಮಸ್. “ನಿನ್ನ ಕೆಲಸ ನೋಡ್ಕೋ ಹೋಗು.”

ಪೊದೆ ಮುರಿಯುವ ಸದ್ದು ಬಹಳ ದೂರದವರೆಗೆ ಕೇಳುತ್ತಿತ್ತು. ಅವನು ಉಳಿದ ಟೀ ಕುಡಿದು, ಹಗ್ಗ ಬಿಚ್ಚಿ, ನೇರ ಊರಿಗೆ ಬಂದ.

ಆಡ್ರಿ ಅಡುಗೆಮನೆಯಲ್ಲಿ ರೊಟ್ಟಿ ಕರಿಯುತ್ತಿದ್ದಳು. ವಿಲ್ಬರ್ ಮೇಜಿನ ಬಳಿ ಕೂತು ಕರಿದದ್ದನ್ನು ಕರಿದಂತೆ ಮುಗಿಸುತ್ತಿದ್ದ. ಏಮಸ್ ಬೂಟು ಕಳಚಿ ಬೆಂಚಿನ ಮೇಲೆ ಕೂತ. ಬಂದೂಕು ದೋಣಿಯಲ್ಲೇ ಬಿಟ್ಟು ಬಂದದ್ದನ್ನು ಆಡ್ರಿ ನೋಡಿದಳು.

“ಮೊಣಕಾಲು ಕೆಟ್ಟಿದೆ ಕಣಮ್ಮ,” ಎಂದ ಏಮಸ್.

“ನಿನ್ನೆ ಚೆನ್ನಾಗಿತ್ತಲ್ಲ ಮಾವ?”

“ಇವತ್ತಿಂದ ಕೆಟ್ಟಿದೆ. ದೋಣಿ ಬಿಡೋಕಾಗಲ್ಲ. ಯಾರಾದ್ರೂ ಮೇಲಿನ ಹೊಳೆ ಕಡೆ ಸುತ್ತು ಹಾಕೋರಿದ್ರೆ ಹಾಕ್ಲಿ.”

ಆಡ್ರಿ ರೊಟ್ಟಿ ತಿರುವಿ ಹಾಕಿದಳು. ಅವಳ ಬೆನ್ನು ಸಡಿಲವಾದದ್ದು ಏಮಸ್‌ಗೆ ಕಂಡಿತು.

“ಯಾವ ಮೊಣಕಾಲು?” ಎಂದ ವಿಲ್ಬರ್.

“ಎರಡೂ.”

“ಪಾಪ. ಒಂದೇ ದಿನ ಎರಡೂ! ನಾಲಿಗೆ ಕೆಟ್ಟು ಮೊಣಕಾಲಿಗೆ ಇಳೀತು ಅನ್ನು.”

“ಅಪ್ಪಾ, ಸುಮ್ನಿರು ನೀನು,” ಎಂದು ಆಡ್ರಿ ಮಾವನ ಕಡೆ ತಿರುಗಿದಳು. ಕೈಯಲ್ಲಿ ಹಿಟ್ಟು. “ಮಾವ, ನಂಗೆ ಹೇಳಿದ್ರೆ ಸಾಲ್ದು. ನೀನು ಹೇಳಿದ್ದು ಹಾಲ್‌ನಲ್ಲಿ. ಅಲ್ಲೇ ಹೋಗಿ ಅಜ್ಜಿಗೆ ಹೇಳ್ಬೇಕು. ಈಗ ಹೋಗು. ಅಮ್ಮನ ಊಟ ಇದು.”

 ಅವಳು ಮತ್ತೆ ಬಾಣಲೆಯ ಕಡೆ ತಿರುಗಿಕೊಂಡಳು. ಏಮಸ್ ಬೂಟು ಹಾಕಿಕೊಂಡ.

ಹಾಲ್‌ನಲ್ಲಿ ಹೆಂಗಸರು ಉಡುಗೊರೆಯ ಕಂಬಳಿಗಳನ್ನು ಮಡಚುತ್ತ, ಅಂಚು ಹೊಲಿಯುತ್ತ ಕೂತಿದ್ದರು. ಕೆಲವರು ಗಂಡಸರು ಬೆಂಚು ಹೊರುತ್ತಿದ್ದರು. ಯೂನಿಸ್ ಅಜ್ಜಿ ಒಲೆಯ ಪಕ್ಕದ ಕುರ್ಚಿಯಲ್ಲಿದ್ದಳು. ಏಮಸ್ ಅವಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ.

“ಏನು ಮಗಾ? ಕೇಳಿಸ್ಲಿಲ್ಲ.”

ಅಜ್ಜಿಯ ಕಿವಿ ಎಷ್ಟು ಚುರುಕು ಎಂದರೆ ಪಕ್ಕದ ಮನೆಯವರು ಪಿಸುಗುಟ್ಟಿದ್ದಕ್ಕೂ ಮರುದಿನ ಉತ್ತರ ಕೊಡುತ್ತಿದ್ದಳು. ಏಮಸ್ ಇನ್ನೊಮ್ಮೆ ಹೇಳಿದ.

“ಗಟ್ಟಿಯಾಗಿ ಹೇಳಪ್ಪ. ಅವತ್ತು ಗಟ್ಟಿಯಾಗಿ ಹೇಳಿದ್ದೆಯಲ್ಲ.”

ಸೂಜಿಗಳು ನಿಂತವು. ಏಮಸ್ ನೆಟ್ಟಗಾದ. ಕೈ ಎಲ್ಲಿಡಬೇಕೋ ತಿಳಿಯದೆ ಟೋಪಿ ತೆಗೆದು ಹಿಡಿದುಕೊಂಡ.

“ಅವತ್ತು ನಾನು ಜಾಸ್ತಿ ಮಾತಾಡಿದೆ. ಅದು ನನ್ನ ಕೈಲಿರೋ ವಿಷಯ ಅಲ್ಲ. ದೊಡ್ಡೋನಿಗೆ ಯಾರ ಹತ್ರ ಬರಬೇಕು ಅನ್ಸುತ್ತೋ ಅವರ ಹತ್ರ ಬರ್ಲಿ. ಬರದಿದ್ರೂ... ಬರದಿದ್ರೂ ಊಟ ಮಾಡೋಣ. ಕೋಳಿನಾದ್ರೂ ಆಗ್ಲಿ.”

“ಈಗ ಕೇಳಿಸ್ತು,” ಎಂದಳು ಅಜ್ಜಿ. “ಕೂತ್ಕೋ. ಆ ಕಂಬಳಿ ತುದಿ ಹಿಡ್ಕೋ, ನನ್ನ ಕೈ ಸೋತಿದೆ.”

ಅವನು ಕಂಬಳಿಯ ತುದಿ ಹಿಡಿದು ಕೂತ.  ಸ್ವಲ್ಪ ಹೊತ್ತಿಗೆ ಬೆಂಚು ಹೊರುತ್ತಿದ್ದವರಲ್ಲಿ ಇಬ್ಬರು ಕಾಣೆಯಾಗಿದ್ದರು. ಆಮೇಲೆ ಇನ್ನಿಬ್ಬರು. ದಡದ ಕಡೆಯಿಂದ ಹಗ್ಗ ಎಳೆದು ದೋಣಿಯ ಮೋಟರ್ ಶುರುಮಾಡುವ ಸದ್ದು ಕೇಳಿಸಿತು. ತನ್ನ ದೋಣಿಯದನ್ನು ಬಿಟ್ಟರೆ ಎರಡು ವಾರದಿಂದ ಅವನು ಕೇಳದ ಸದ್ದು ಅದು.

ಮರುದಿನ ಬೆಳಿಗ್ಗೆ ಆಡ್ರಿ ಅವನ ಬಾಗಿಲಿಗೆ ಬಂದಳು. “ಮಾವ, ನಾನು ಅಪ್ಪ ಮೇಲುಗಡೆ ಸೌದೆ ಎಲ್ಲಿದೆ ನೋಡೋಕೆ ಹೋಗ್ತಿದೀವಿ. ದೋಣಿ ಬಿಡೋಕಾಗಲ್ಲ ಅಂದೆ, ಸರಿ. ಕೂತ್ಕೊಳ್ಳೋಕಾಗುತ್ತೋ?”

“ಕೂತ್ಕೋಬಹುದು,” ಎಂದ ಏಮಸ್.

ವಿಲ್ಬರ್‌ಗೆ ದೋಣಿಯಲ್ಲಿ ಬಾಯಿ ಮುಚ್ಚಿ ಕೂರುವುದು ಎಂದರೆ ಕೈಕಾಲು ಕಟ್ಟಿಹಾಕಿದಂತೆ. “ನೋಡಯ್ಯಾ, ನಾನು ಈ ಊಟಕ್ಕೆ ಬರೋ ನೆಂಟ. ಗುಂಡಿ ತೋಡಿದೋನು. ನನ್ನನ್ನ ಕೂರಿಸಿ ಬಡಿಸ್ಬೇಕು. ನೀವು ನನ್ನ ಕೈಲೇ ಹುಟ್ಟು ಹಾಕಿಸ್ತೀರಲ್ಲ, ಇದೆಂಥಾ ಮರ್ಯಾದೆ?”

“ಸೌದೆ ನೋಡೋಕೆ ಬಂದಿದೀಯ ನೀನು,” ಎಂದ ಏಮಸ್.

“ಓಹೋ, ಹೌದಲ್ಲ. ಸೌದೆಗೆ ನಾಲ್ಕು ಕಾಲು ಇರಬಹುದು ಅಂತ ಚಾಕು ತಂದಿದೀನಿ.”

ಎರಡು ಕವಲುಗಳಲ್ಲಿ ಏಮಸ್ ಕಹಳೆ ಊದಿದ. ಬೇಕಾದಷ್ಟು ಹೊತ್ತು ಕಾದರು. ಏನೂ ಬರಲಿಲ್ಲ. ಮಧ್ಯಾಹ್ನ ಒಂದು ದ್ವೀಪದ ತುದಿಯಲ್ಲಿ ದೋಣಿ ತಡೆದು, ಒಣಮೀನು, ಗಟ್ಟಿ ಬಿಸ್ಕತ್ತು ಬಿಚ್ಚಿದರು. ವಿಲ್ಬರ್ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಬಾಯಿಗಿಡುವವನು ಹಾಗೇ ಕೈ ತಡೆದ. ಅದ್ದಿದ ಅರ್ಧ ಮುರಿದು ಲೋಟಕ್ಕೆ ಬಿತ್ತು.

ನದಿಯ ನಡುವೆ ಒಂದು ತಲೆ ಈಜುತ್ತಿತ್ತು. ಎಳೆಯ ಗಂಡು, ಕೋಡು ಈಗಷ್ಟೇ ಕವಲೊಡೆದಿದೆ. ಮದದ ಗದ್ದಲಕ್ಕೆ ಇನ್ನೂ ಸೇರದ ವಯಸ್ಸು, ಬೇಸಿಗೆಯ ಕೊಬ್ಬು ಇನ್ನೂ ಮೈಮೇಲೆ ಇರುವ ಪ್ರಾಣಿ. ಬೆಟ್ಟದಲ್ಲಿ ದೊಡ್ಡ ಗಂಡು ಅಟ್ಟಿರಬೇಕು, ನದಿ ದಾಟಿ ಈ ಕಡೆಗೇ ಬರುತ್ತಿತ್ತು.

“ಹೊಡಿ,” ಎಂದು ವಿಲ್ಬರ್ ತುಟಿಯಲ್ಲೇ ಹೇಳಿದ. “ಹೊಡಿ ಮಗಳೇ, ನೀರಲ್ಲೇ—”

ಏಮಸ್ ಅವನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದ. ನೀರಿನಲ್ಲಿ ಹೊಡೆದ ಪ್ರಾಣಿ ಮುಳುಗುತ್ತದೆ, ಇಲ್ಲವೇ ಸೆಳವಿಗೆ ಸಿಕ್ಕಿ ಹೋಗುತ್ತದೆ. ಸಿಕ್ಕರೂ ದಡಕ್ಕೆ ಎಳೆದು ತರುವಷ್ಟರಲ್ಲಿ ಮಾಂಸ ಹಾಳು. ಆಡ್ರಿಗೂ ಅದು ಗೊತ್ತು. ಅವಳು ಬಂದೂಕನ್ನು ತೊಡೆಯ ಮೇಲಿಂದ ಎತ್ತಲೇ ಇಲ್ಲ. ಆದರೆ ಅವಳು ಮಾವನ ಕಡೆ ನೋಡಿದಳು. ಆ ನೋಟದ ಅರ್ಥ ಅವನಿಗೆ ತಿಳಿಯಿತು: ಬಂದೂಕು ನಿನಗೆ ಕೊಡಲೇ? ಎರಡು ವಾರ ಅವನು ನದಿ ಸುತ್ತಿದ್ದು ಇದಕ್ಕಾಗಿಯೇ. ಅವನು ಕೈ ಚಾಚಿದ್ದರೆ ಅವಳು ಕೊಡುತ್ತಿದ್ದಳು, ಮನಸ್ಸಿನಲ್ಲೂ ಏನೂ ಇಟ್ಟುಕೊಳ್ಳುತ್ತಿರಲಿಲ್ಲ.

ಏಮಸ್ ಎರಡೂ ಕೈಯಿಂದ ಟೀ ಲೋಟವನ್ನು ಹಿಡಿದುಕೊಂಡ.

ಎಳೆಯದು ದ್ವೀಪದ ಮರಳ ದಿಬ್ಬಕ್ಕೆ ಕಾಲೂರಿತು. ಒಂದೊಂದೇ ಹೆಜ್ಜೆ ಮೇಲೆ ಬಂತು. ನಿಂತು, ಮೈ ಕೊಡವಿತು. ಬಿಸಿಲಿನಲ್ಲಿ ನೀರು ಸುತ್ತಲೂ ಹಾರಿತು. ಆಡ್ರಿ ಒಂದೇ ಗುಂಡು ಹಾರಿಸಿದಳು. ಅದು ಎಲ್ಲಿಗೋ ಹೋಗುವುದನ್ನು ನೆನೆಸಿಕೊಂಡಂತೆ ನಾಲ್ಕು ಹೆಜ್ಜೆ ನಡೆದು, ಮಂಡಿಯೂರಿ, ಪಕ್ಕಕ್ಕೆ ಒರಗಿತು.

 ವಿಲ್ಬರ್ ಎದ್ದು ಅದರ ಹತ್ತಿರ ಹೋಗಿ ನಿಂತ.

“ದೋಣಿ ಪಕ್ಕಕ್ಕೇ ಬಂದು ಮಲಗಿದಾನೆ. ಒಣ ಮರಳಿನ ಮೇಲೆ. ಹೊರೋದೇ ಬೇಡ.” ಅವನು ಮೂಗು ಒರೆಸಿಕೊಂಡ. “ಎಲ್ಲೇ ಇರ್ಲಿ, ನನ್ನ ಹೆಂಡ್ತಿಗೆ ನನ್ನ ಬೆನ್ನುನೋವು ಇನ್ನೂ ನೆನಪಿದೆ ಕಣಯ್ಯಾ.”

ಏಮಸ್ ಲೋಟ ಕೆಳಗಿಟ್ಟ. ಹೋಗಿ ಪ್ರಾಣಿಯ ಕುತ್ತಿಗೆಯ ಮೇಲೆ ಅಂಗೈ ಇಟ್ಟು ಕೂತ. ಇನ್ನೂ ಬೆಚ್ಚಗಿತ್ತು, ಒದ್ದೆಯಾಗಿತ್ತು. ಆಮೇಲೆ ಮೂವರೂ ಕೋಟು ಕಳಚಿ ಕೆಲಸಕ್ಕೆ ನಿಂತರು. ಮಾಂಸಕ್ಕೆ ಮರಳು ಹತ್ತದಂತೆ ಪೊದೆಯ ಸೊಪ್ಪು ಕಡಿದು ಹಾಸಿದರು. ಚರ್ಮವನ್ನು ಚಾಪೆಯಂತೆ ಬಿಡಿಸುತ್ತ ಬಂದರು. ಹೊಟ್ಟೆ ಸೀಳಿದಾಗ ಮೂತ್ರಪಿಂಡದ ಸುತ್ತ ಬಿಳಿಯ ಕೊಬ್ಬು ಮುಷ್ಟಿ ತುಂಬ ಇತ್ತು. ಏಮಸ್ ಅದನ್ನು ಮೂಸಿ ನೋಡಿದ, ಎಲೆಯ ವಾಸನೆ. ತೊಡೆ, ಭುಜ, ಪಕ್ಕೆ ಬೇರೆ ಮಾಡಿದರು. ತಲೆಯನ್ನು ಮಾತ್ರ ಆಡ್ರಿ ತಾನೇ ಟಾರ್ಪಾಲಿನಲ್ಲಿ ಸುತ್ತಿ ದೋಣಿಯ ಮೂತಿಯಲ್ಲಿಟ್ಟಳು. ಉಳಿದದ್ದನ್ನು ಕಾಡಿನ ಅಂಚಿಗೆ ಒಯ್ದು ಸೊಪ್ಪು ಮುಚ್ಚಿದರು.

ಊರ ದಡದಲ್ಲಿ ಯೂನಿಸ್ ಅಜ್ಜಿ ಕೊಬ್ಬನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು. ಹೊಗಳುವ ಪದ್ಧತಿ ಅಲ್ಲಿಲ್ಲ. “ತಂದಿರೋ ಈರುಳ್ಳಿ ಸಾಲ್ದು,” ಎಂದಳು. ಅಷ್ಟಕ್ಕೇ ಊರಿನ ಮುಖ ಅರಳಿತು.

ತಲೆಯ ಸಾರು ಗಂಡಸರ ಅಡುಗೆ, ಬಯಲಿನಲ್ಲಿ ಆಗಬೇಕು. ಶನಿವಾರ ಬೆಳಿಗ್ಗೆಯಿಂದ ಏಮಸ್ ಹಾಲ್‌ನ ಹಿಂದೆ ಬೆಂಕಿಯ ಮುಂದಿದ್ದ. ಸೌದೆ ಸೀಳುವುದು, ಉರಿ ತಗ್ಗಿಸುವುದು, ಏರಿಸುವುದು, ಉದ್ದನೆಯ ಸೌಟಿನಿಂದ ನೊರೆ ತೆಗೆಯುವುದು. ಉರಿಯ ಸದ್ದು ಕೇಳಿಕೊಂಡೇ ಅದಕ್ಕೆ ಎಷ್ಟು ಸೌದೆ ಬೇಕು ಎಂದು ಹೇಳುವುದರಲ್ಲಿ ಅವನನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ನದಿಯ ತಿರುವಿನಲ್ಲಿ ಒಂದಾದ ಮೇಲೊಂದು ದೋಣಿ ಕಾಣಿಸಿಕೊಂಡಿತು. ನೆಂಟರು ಇಳಿದು, ತಬ್ಬಿ, ಅತ್ತು, ನಕ್ಕು ಒಳಗೆ ಹೋದರು. ನೆಲದ ಮೇಲೆ ಎದುರುಬದುರು ಪಂಕ್ತಿ ಹಾಸಿದ್ದರು. ವಿಲ್ಬರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತನ್ನ ಕುಲದವರ ಸಾಲಿನಲ್ಲಿ, ಹುಟ್ಟು ಎಂದರೇನೆಂದೇ ಗೊತ್ತಿಲ್ಲದ ನೆಂಟನಂತೆ ಕೂತಿದ್ದ.

ಬಡಿಸುವ ಮೊದಲು ಸತ್ತವರ ಪಾಲನ್ನು ಬೆಂಕಿಗೆ ಹಾಕಬೇಕು. ಯಾರು ಕಳಿಸಿದ್ದು ಎಂದು ಹೇಳಿ ಹಾಕಬೇಕು. ಇಲ್ಲದಿದ್ದರೆ ಅದು ಅವರಿಗೆ ತಲುಪಿದರೂ ಗುರುತು ಸಿಗುವುದಿಲ್ಲ. ಒಡಹುಟ್ಟಿದ ತಮ್ಮನಾದ್ದರಿಂದ ಅದು ಏಮಸ್‌ನ ಕೆಲಸ. ಯೂನಿಸ್ ಅಜ್ಜಿ ತಟ್ಟೆಯಲ್ಲಿ ಮೂಗಿನ ಮೆತ್ತನೆಯ ತುಂಡು, ನಾಲಿಗೆಯ ತುಂಡು ಇಟ್ಟು ಕೊಟ್ಟು ಹಿಂದೆ ಸರಿದಳು. ಆಡ್ರಿ ಪಕ್ಕದಲ್ಲಿ ನಿಂತಳು.

ಏಮಸ್ ಬಗ್ಗಿ ಎರಡೂ ತುಂಡನ್ನು ಕೆಂಡದ ನಡುವೆ ಇಟ್ಟ. ಕೊಬ್ಬು ಚುರುಗುಟ್ಟಿ ಉರಿ ಎದ್ದಿತು. ತಮ್ಮ ಹಳೆಯ ಭಾಷೆಯಲ್ಲಿ, ಅಕ್ಕ ಪಕ್ಕದ ಕೋಣೆಯಲ್ಲಿದ್ದಾಳೆ ಎಂಬಷ್ಟೇ ದನಿಯಲ್ಲಿ ಹೇಳಿದ:

“ತಿನ್ನು ಅಕ್ಕಾ. ನಿನ್ನ ಮಗಳು ಕಳಿಸಿದ್ದು.”